50 ಪಂದ್ಯ ಆಡಿದವನ ಹೆಸರಿನ ಟ್ರೋಫಿ

ಕಳೆದ ಸಂಚಿಕೆಯಲ್ಲಿ ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರ, ಎರಡನೇ ಮಹಾಯುದ್ಧದ ಪೈಲಟ್ ಬ್ಲೂಯಿ ಟ್ರಸ್ಕಾಟ್ ಬಗ್ಗೆ ಬಂದ ಪುಟ್ಟ ಟಿಪ್ಪಣಿ ಓದಿ ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಬರೀ 50 ಪಂದ್ಯ ಆಡಿದವನ ಹೆಸರನ್ನು ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬು ತನ್ನ ಅತಿ ದೊಡ್ಡ ಪ್ರಶಸ್ತಿಗೆ ಇಟ್ಟಿದೆಯಂತೆ. ಯುದ್ಧದಲ್ಲಿ ಸತ್ತ ಅನ್ನೋ ಕನಿಕರಕ್ಕಾ?"

ಸಾರ್, ಪ್ರಶ್ನೆ ನ್ಯಾಯವಾದದ್ದೇ. 50 ಪಂದ್ಯ, 31 ಗೋಲು, ಅಷ್ಟೇ. ಅವನಿಗಿಂತ ದೊಡ್ಡ ಆಟಗಾರರು ಆ ಕ್ಲಬ್ಬಿನಲ್ಲಿ ಬೇಕಾದಷ್ಟು ಜನ ಆಗಿಹೋಗಿದ್ದಾರೆ. ಹಾಗಂತ ಅವನೇನು ಸುಮಾರು ಆಟಗಾರ ಅಲ್ಲ. ಆಡಲು ಶುರು ಮಾಡಿದ್ದು 1937ರಲ್ಲಿ, ಏರ್‌ಫೋರ್ಸ್ ಸೇರಿದ್ದು 1940ರಲ್ಲಿ. ಅಷ್ಟರೊಳಗೆ 1939, 1940 ಎರಡೂ ವರ್ಷ ಗೆದ್ದ ತಂಡದಲ್ಲಿದ್ದ. 1940ರ ಫೈನಲ್‌ಗೆ ಟ್ರೈನಿಂಗ್‌ನಿಂದ ರಜೆ ತಗೊಂಡು ಬಂದು ಆಡಿದ, ರಿಚ್ಮಂಡ್ ವಿರುದ್ಧ 107–68. (ಸ್ಕೋರು ನೋಡಿ ಗಾಬರಿಯಾಗಬೇಡಿ, ಇದು ನಮ್ಮ ಫುಟ್‌ಬಾಲ್ ಅಲ್ಲ, ಆಸ್ಟ್ರೇಲಿಯಾದವರದೇ ಬೇರೆ ಆಟ. ಇದರಲ್ಲಿ ನಡುವಿನ ಎರಡು ಕಂಬದ ಮಧ್ಯೆ ಒದ್ದರೆ 6 ಅಂಕ, ಸ್ವಲ್ಪ ಪಕ್ಕಕ್ಕೆ ಹೋದರೆ 1.)

ಮಜಾ ಏನು ಗೊತ್ತಾ, ವಿಮಾನ ಕಲಿಯುವಾಗ ಅವನು ಹಿಂದೆ ಬಿದ್ದಿದ್ದ. ಇಳಿಸುವಾಗ ನೆಲ ಎಷ್ಟು ದೂರ ಇದೆ ಅನ್ನೋ ಅಂದಾಜೇ ಸಿಗುತ್ತಿರಲಿಲ್ಲ, ಇನ್ನೂ ಮೇಲಿರುವಾಗಲೇ ವಿಮಾನದ ಮೂತಿ ಎತ್ತಿಬಿಡುತ್ತಿದ್ದ. ಅಂಥವನು ಇಂಗ್ಲೆಂಡಿಗೆ ಹೋಗಿ 452ನೇ ಸ್ಕ್ವಾಡ್ರನ್‌ನಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನ ಹಾರಿಸಿ ಹತ್ತಕ್ಕೂ ಜಾಸ್ತಿ ಶತ್ರು ವಿಮಾನ ಉರುಳಿಸಿದ. 1942ರಲ್ಲಿ ಊರಿಗೆ ಬಂದವನು ಒಂದೇ ಒಂದು ಪಂದ್ಯ ಆಡಿದ, ಅದೇ ಐವತ್ತನೆಯದು, ಅದೇ ಕೊನೆಯದು.

ಆಮೇಲೆ ನ್ಯೂಗಿನಿಯ ಮಿಲ್ನ್ ಬೇ. ಬಿಡದೆ ಸುರಿಯೋ ಮಳೆ, ಕೆಸರಿನ ಮೇಲೆ ಕಬ್ಬಿಣದ ಹಾಳೆ ಹಾಸಿ ಮಾಡಿದ ರನ್‌ವೇ, ಅದರ ಮೇಲಿಂದ ಕಿಟ್ಟಿಹಾಕ್ ವಿಮಾನಗಳು ಎದ್ದು ಹತ್ತಿರದಲ್ಲೇ ಇದ್ದ ಜಪಾನಿ ಸೈನಿಕರ ಮೇಲೆ ಗುಂಡು ಸುರಿಸಿ ಮತ್ತೆ ಅದೇ ಕೆಸರಿಗೆ ಇಳಿಯಬೇಕು. 76ನೇ ಸ್ಕ್ವಾಡ್ರನ್ ಮುಖ್ಯಸ್ಥ ಪೀಟರ್ ಟರ್ನ್‌ಬುಲ್ ಅಲ್ಲಿ ಸತ್ತ ಮೇಲೆ ಹೊಣೆ ಬ್ಲೂಯಿ ಹೆಗಲಿಗೆ ಬಂತು. ಜಪಾನಿಯರು ಅಲ್ಲಿಂದ ಹಿಂದೆ ಸರಿಯಬೇಕಾಯಿತು.

ಅವನು ಸತ್ತಿದ್ದು ಮಾತ್ರ ಯುದ್ಧದಲ್ಲಲ್ಲ. 1943ರ ಮಾರ್ಚ್ 28ರಂದು ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮೌತ್ ಕೊಲ್ಲಿಯ ಮೇಲೆ ತಮ್ಮದೇ ಕಡೆಯ ಕ್ಯಾಟಲೀನಾ ವಿಮಾನದ ಮೇಲೆ ದಾಳಿಯ ಅಭ್ಯಾಸ ಮಾಡುತ್ತಿದ್ದ. ನೀರು ಎಷ್ಟು ಕೆಳಗಿದೆ ಅನ್ನೋ ಅಂದಾಜು ತಪ್ಪಿ ಸಮುದ್ರಕ್ಕೆ ಬಿದ್ದ. 26 ವರ್ಷ.

ಇನ್ನು ಕನಿಕರದ ಮಾತು. 1940ರ ಆ ಗೆದ್ದ ತಂಡದಲ್ಲಿ ಯುದ್ಧ ಮುಗಿಯುವಷ್ಟರಲ್ಲಿ ನಾಲ್ವರು ಇರಲಿಲ್ಲ. ರಾನ್ ಬರಾಸಿ 1941ರಲ್ಲಿ ಟೊಬ್ರುಕ್‌ನಲ್ಲಿ, ಹೆರಾಲ್ಡ್ ಬಾಲ್ 1942ರಲ್ಲಿ ಸಿಂಗಾಪುರದಲ್ಲಿ, ಆಮೇಲೆ ಬ್ಲೂಯಿ, 1944ರಲ್ಲಿ ಸಿಡ್ ಆಂಡರ್ಸನ್. ಇವತ್ತಿಗೂ ಆ ಕ್ಲಬ್ಬಿನಲ್ಲಿ ವರ್ಷದ ಅತ್ಯುತ್ತಮ ಆಟಗಾರರ ಪ್ರಶಸ್ತಿಗಳಲ್ಲಿ ಮೊದಲ ಸ್ಥಾನಕ್ಕೆ ಬ್ಲೂಯಿ ಹೆಸರು, ಎರಡಕ್ಕೆ ಆಂಡರ್ಸನ್, ಮೂರಕ್ಕೆ ಬರಾಸಿ, ಹೊಸ ಹುಡುಗರ ಪ್ರಶಸ್ತಿಗೆ ಬಾಲ್. ಯಾರು ಹೆಚ್ಚು ಗೋಲು ಹೊಡೆದರು ಅಂತ ಲೆಕ್ಕ ಹಾಕಿ ಇಟ್ಟ ಹೆಸರುಗಳಲ್ಲ ಇವು, ಕ್ಲಬ್ಬು ಇಟ್ಟುಕೊಂಡ ನೆನಪು. ಬ್ಲೂಯಿಗೇ ಮೊದಲ ಸ್ಥಾನ ಯಾಕೆ ಅಂದರೆ, ಪೇಪರಿನವರಿಗೆ ಅವನೆಂದರೆ ಬಲು ಇಷ್ಟ, ಊರಿಗೆಲ್ಲ ಅವನ ಮುಖ ಗೊತ್ತಿತ್ತು ಅಂತ ನನ್ನ ಗುಮಾನಿ. ಅಲ್ಲಿ ಬೇಕಾದರೆ ನೀವು ತಕರಾರು ಎತ್ತಬಹುದು, ನಾನು ಅಡ್ಡ ಬರಲ್ಲ.

– ಸಂಪಾದಕ