ಒಂದು ಬಟನ್‌ಗೆ ಒಂದು ಪುಟ ಯಾಕೆ?

ಪತ್ರ: ಕಳೆದ ಸಂಚಿಕೆಯ ಕಂಪ್ಯೂಟರ್ ಅಂಕಣದಲ್ಲಿ ಶಟ್ ಡೌನ್ ಬಗ್ಗೆಯೇ ಒಂದು ಪುಟ ಬರೆದಿದ್ದೀರಿ. ವಿಂಡೋಸ್‌ನಲ್ಲಿ ಏನೇನು ಸೌಲಭ್ಯಗಳಿವೆ ಅಂತ ಇಪ್ಪತ್ತು ಸಾಲಿನ ಪಟ್ಟಿ ಕೊಟ್ಟಿದ್ದರೆ ಸಾಕಿತ್ತಲ್ವಾ? – ಓದುಗರೊಬ್ಬರು, ಸಾಗರ

ಸಂಪಾದಕರ ಉತ್ತರ:

ನಮಸ್ಕಾರ. ಪಟ್ಟಿ ಓದಿದರೆ ಸೌಲಭ್ಯದ ಹೆಸರು ಗೊತ್ತಾಗುತ್ತದೆ. ಅದರಿಂದ ನಮ್ಮ ಕೆಲಸಕ್ಕೆ ಏನಾಗುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಓದುಗರಿಗೆ ಬೇಕಾದದ್ದು ಅದೇ ಎಂದು ನಾನು ನಂಬಿದ್ದೇನೆ.

ಶಟ್ ಡೌನ್ ವಿಷಯವನ್ನೇ ನೋಡಿ. 2012ರಲ್ಲಿ ವಿಂಡೋಸ್ 8 ಜೊತೆ ಫಾಸ್ಟ್ ಸ್ಟಾರ್ಟಪ್ ಬಂತು. ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಅದು ಮೊದಲೇ ಆನ್ ಆಗಿರುತ್ತದೆ. ‘ಕಂಪ್ಯೂಟರ್ ಬೇಗ ಶುರುವಾಗುತ್ತದೆ’ ಎಂದು ಒಂದು ಸಾಲು ಬರೆದರೆ ಅದು ಸುಳ್ಳಲ್ಲ. ಆದರೆ ಬೇಗ ಶುರುವಾಗುವುದು ಹೇಗೆ? ಶಟ್ ಡೌನ್ ಒತ್ತಿದಾಗ ನೀವು ತೆರೆದಿಟ್ಟ ಪ್ರೋಗ್ರಾಂಗಳೆಲ್ಲ ಮುಚ್ಚುತ್ತವೆ. ವಿಂಡೋಸ್‌ನ ಒಳಭಾಗ ಮಾತ್ರ, ಡ್ರೈವರ್‌ಗಳ (ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ಸಾಫ್ಟ್‌ವೇರ್) ಸಮೇತ, ಇದ್ದ ಹಾಗೇ ಡಿಸ್ಕ್‌ನಲ್ಲಿ ಉಳಿಯುತ್ತದೆ. ಮರುದಿನ ಆನ್ ಮಾಡಿದಾಗ ಅದನ್ನೇ ಎತ್ತಿಕೊಂಡು ಕೆಲಸ ಮುಂದುವರಿಯುತ್ತದೆ. ರೀಸ್ಟಾರ್ಟ್ ಕೊಟ್ಟರೆ ಎಲ್ಲವೂ ಮೊದಲಿನಿಂದ ಶುರು.

ಹಾಗಾಗಿ ಪ್ರಿಂಟರ್ ಸತಾಯಿಸುತ್ತಿದೆ ಅಂತ ರಾತ್ರಿ ಶಟ್ ಡೌನ್ ಮಾಡಿದವರಿಗೆ ಬೆಳಿಗ್ಗೆಯೂ ಅದೇ ಗೋಳು ಎದುರಾಗಬಹುದು. ರೀಸ್ಟಾರ್ಟ್ ಮಾಡಿದ್ದರೆ ಸರಿಹೋಗುವ ಸಾಧ್ಯತೆ ಜಾಸ್ತಿ. ಬೇಕಿದ್ದರೆ ಪರೀಕ್ಷೆ ಮಾಡಿ: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು. ಕೆಳಗೆ ‘ಅಪ್ ಟೈಮ್’ ಎಂದಿರುತ್ತದೆ, ಅಂದರೆ ವಿಂಡೋಸ್ ಮೊದಲಿನಿಂದ ಶುರುವಾಗಿ ಎಷ್ಟು ಹೊತ್ತಾಯಿತು ಅಂತ. ದಿನಾ ಶಟ್ ಡೌನ್ ಮಾಡುವವರ ಕಂಪ್ಯೂಟರಿನಲ್ಲೂ ಅದು ಎಷ್ಟೋ ದಿನಗಳ ಲೆಕ್ಕ ತೋರಿಸುತ್ತಿರಬಹುದು. ಇದನ್ನು ಕಣ್ಣಾರೆ ಕಂಡವರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಸೌಲಭ್ಯ ಏನು ಮಾಡುವುದಿಲ್ಲ ಅನ್ನುವುದನ್ನೂ ಬರೆಯಲೇಬೇಕು. ‘ಅಳಿಸಿದ ಫೈಲು ರೀಸೈಕಲ್ ಬಿನ್‌ನಲ್ಲಿ ಸಿಗುತ್ತದೆ’ ಎಂದಷ್ಟೇ ಬರೆದರೆ, ಪೆನ್‌ಡ್ರೈವ್‌ನಿಂದ ಮದುವೆ ಫೋಟೋ ಅಳಿಸಿದವರು ಅಲ್ಲಿ ಹುಡುಕುತ್ತಾ ಕೂರುತ್ತಾರೆ. ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಆ ಬುಟ್ಟಿಗೆ ಬೀಳುವುದೇ ಇಲ್ಲ.

ಕ್ಲಿಪ್‌ಬೋರ್ಡ್ ಹಿಸ್ಟರಿಯೂ ಹಾಗೇ. 2018ರ ಅಪ್‌ಡೇಟ್‌ನಲ್ಲಿ ವಿಂಡೋಸ್ 10ಕ್ಕೆ ಬಂದದ್ದು. ಒಮ್ಮೆ ಆನ್ ಮಾಡಿಟ್ಟರೆ, ವಿಂಡೋಸ್ ಕೀ ಜೊತೆ ವಿ ಒತ್ತಿದಾಗ ಕಾಪಿ ಮಾಡಿದ ಹಿಂದಿನ 25 ತುಣುಕುಗಳವರೆಗೂ ಕಾಣುತ್ತವೆ. ಬಹಳ ಉಪಯೋಗದ್ದು, ನಮ್ಮ ಕಚೇರಿಯಲ್ಲಿ ದಿನವಿಡೀ ಬಳಸುತ್ತೇವೆ. ಆದರೆ ಕಾಪಿ ಮಾಡಿದ ಪಾಸ್‌ವರ್ಡ್ ಕೂಡ ಅಲ್ಲೇ ಕಾಣಿಸಬಹುದು. ನಾಲ್ಕು ಜನ ಬಳಸುವ ಕಂಪ್ಯೂಟರಿನಲ್ಲಿ ಇದು ಸಣ್ಣ ವಿಷಯವಲ್ಲ. ಪಟ್ಟಿಯ ಒಂದು ಸಾಲಿನಲ್ಲಿ ಈ ಎಚ್ಚರಿಕೆಗೆ ಜಾಗ ಎಲ್ಲಿದೆ?

ಕೀಬೋರ್ಡ್ ಶಾರ್ಟ್‌ಕಟ್‌ಗಳಿಗೆ ಮಾತ್ರ ಪಟ್ಟಿಯೇ ಸರಿ. ಮುಂದಿನ ಸಂಚಿಕೆಯಲ್ಲಿ ಕತ್ತರಿಸಿ ಮೇಜಿನ ಮೇಲೆ ಅಂಟಿಸಿಕೊಳ್ಳುವ ಹಾಗೆ ಕೊಡುತ್ತೇವೆ. ನಿಮಗೆ ಯಾವ ಶಾರ್ಟ್‌ಕಟ್ ಬೇಕು, ಬರೆದು ತಿಳಿಸಿ.