ಗೇರುಬೀಜದ ಹಡಗು ನಿಲ್ಲಿಸಿದರೆ ರೇಟು ಏರುತ್ತದೆಯೇ?

ಎಣ್ಮಕಜೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ಹಿಂದಿನ ಸಂಚಿಕೆಯಲ್ಲಿ ಭಾರತ ಮತ್ತು ತಾಂಜಾನಿಯಾದ ಸಂಬಂಧದ ಬಗ್ಗೆ ಲೇಖನ ಹಾಕಿದ್ದೀರಿ. ಜಾಂಜಿಬಾರ್‌ನಲ್ಲಿ ಐಐಟಿ ಬಂತು, ವ್ಯಾಪಾರ ಬೆಳೆಯಿತು ಅಂತ ಸಂಭ್ರಮ. ನಮ್ಮ ಕಡೆ ಗೇರುಬೀಜಕ್ಕೆ ರೇಟಿಲ್ಲ. ಆಫ್ರಿಕಾದ ಬೀಜ ಹಡಗಿನಲ್ಲಿ ಬರುವುದೇ ಕಾರಣ ಅಂತ ಅಂಗಡಿಯವರು ಹೇಳುತ್ತಾರೆ. ಅದನ್ನು ನಿಲ್ಲಿಸಿ ಅಂತ ಬರೆಯುವುದು ಬಿಟ್ಟು ಹೊಗಳುತ್ತೀರಲ್ಲ? ಆ ಕಾಲೇಜಿನಿಂದ ಕಾಸರಗೋಡಿನ ಕೃಷಿಕನಿಗೆ ಏನು ಸಿಗುತ್ತದೆ?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಸುಮ್ನೆ ಬಂದದ್ದಲ್ಲ. ಆದರೆ ಅಂಗಡಿಯವರು ಅರ್ಧ ಕತೆ ಮಾತ್ರ ಹೇಳಿದ್ದಾರೆ.

ಮೊದಲು ತಿಂಗಳ ಲೆಕ್ಕ ನೋಡಿ. ನಮ್ಮ ಗುಡ್ಡಗಳಲ್ಲಿ ಬೀಜ ಬೀಳುವುದು ಫೆಬ್ರವರಿಯಿಂದ ಮೇ ತನಕ. ತಾಂಜಾನಿಯಾ ಇರುವುದು ಭೂಮಧ್ಯರೇಖೆಯ ಆಚೆ. ಅಲ್ಲಿ ಗೇರು ಬೆಳೆಯುವುದು ಮುಖ್ಯವಾಗಿ ದಕ್ಷಿಣದ ಮ್ಟ್ವಾರಾ, ಲಿಂಡಿ ಪ್ರಾಂತ್ಯಗಳಲ್ಲಿ. ಕೊಯ್ಲು ಅಕ್ಟೋಬರ್‌ನಲ್ಲಿ ಶುರುವಾಗಿ ವರ್ಷದ ಕೊನೆಗೆ ಮುಗಿಯುತ್ತಾ ಬರುತ್ತದೆ. ಅಂದರೆ ನಮ್ಮ ಮರ ಹೂ ಬಿಡುವ ಹೊತ್ತಿಗೆ ಅವರ ಬೀಜ ಹಡಗು ಹತ್ತುತ್ತದೆ. ನಮ್ಮ ಸುಗ್ಗಿಯ ಜೊತೆಗೇ ಸುಗ್ಗಿ ಇರುವುದು ಐವರಿ ಕೋಸ್ಟ್, ಘಾನಾ, ಬೆನಿನ್ ಮುಂತಾದ ಪಶ್ಚಿಮ ಆಫ್ರಿಕಾದ ದೇಶಗಳಿಗೆ. ಆಫ್ರಿಕಾ ಅಂತ ಒಂದೇ ಮಾತಿನಲ್ಲಿ ಹೇಳಿದರೆ ಈ ವ್ಯತ್ಯಾಸ ಕಾಣುವುದಿಲ್ಲ. ಹಾಗಂತ ತಾಂಜಾನಿಯಾದ ಬೀಜದಿಂದ ಏನೂ ಆಗುವುದಿಲ್ಲ ಅಂತಲ್ಲ. ಕಾರ್ಖಾನೆಯವರು ಜನವರಿಯಲ್ಲೇ ಗೋದಾಮು ತುಂಬಿಸಿಕೊಂಡರೆ ಮಾರ್ಚ್‌ನಲ್ಲಿ ನಮ್ಮ ಬೀಜ ಕೊಳ್ಳಲು ಅವಸರ ಮಾಡುವುದಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಅಂಗಡಿಯವರ ಮಾತು ಸರಿ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಇಡೀ ಭಾರತದಲ್ಲಿ ಬೆಳೆಯುವ ಹಸಿ ಬೀಜ, ಅಂದರೆ ಇನ್ನೂ ಒಡೆಯದ ಬೀಜ, ವರ್ಷಕ್ಕೆ ಏಳೆಂಟು ಲಕ್ಷ ಟನ್. ನಮ್ಮ ಕಾರ್ಖಾನೆಗಳಿಗೆ ಅದರ ಎರಡು ಪಟ್ಟು ಬೇಕು. ಹಡಗು ನಿಂತರೆ ಮಂಗಳೂರು, ಕಾರ್ಕಳ, ಪುತ್ತೂರು, ಕುಂದಾಪುರದ ಕಾರ್ಖಾನೆಗಳು ಅರ್ಧ ವರ್ಷ ಬಾಗಿಲು ಹಾಕಬೇಕಾಗುತ್ತದೆ. ಬೀಜ ಒಡೆಯುವ, ಸಿಪ್ಪೆ ತೆಗೆಯುವ ಹೆಂಗಸರು ಮನೆಯಲ್ಲಿ ಕೂರಬೇಕಾಗುತ್ತದೆ. ಹಾಗೆ ಮುಚ್ಚಿದ ಕಾರ್ಖಾನೆ ಮಾರ್ಚ್‌ನಲ್ಲಿ ಮತ್ತೆ ತೆರೆಯುತ್ತದೆ ಅನ್ನುವ ಖಾತ್ರಿ ಏನು? ಕೊಲ್ಲಂ ಕಡೆ ನೂರಾರು ಕಾರ್ಖಾನೆ ಮುಚ್ಚಿದ್ದು ನಮಗೆಲ್ಲ ಗೊತ್ತಿದೆ. ಕೊಳ್ಳುವವರು ಕಡಿಮೆಯಾದರೆ ರೇಟು ಏರುವುದಿಲ್ಲ ಅಲ್ವಾ?

ಬೆಲೆಗೆ ನಿಜವಾದ ಪೆಟ್ಟು ಕೊಡುವುದು ಹಸಿ ಬೀಜಕ್ಕಿಂತ ಜಾಸ್ತಿ, ಹೊರಗೆ ಒಡೆದು ಇಲ್ಲಿಗೆ ಬರುವ ತಿರುಳು. ಅದಕ್ಕೇ 2019ರಲ್ಲಿ ಕೇಂದ್ರ ಸರ್ಕಾರ ಇಡಿ ಗೋಡಂಬಿಗೆ ಕಿಲೋಗೆ 720 ರೂಪಾಯಿ, ತುಂಡಿಗೆ 680 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು. ಹಸಿ ಬೀಜ ಬಂದರೆ ಇಲ್ಲಿ ಕೆಲಸ ಹುಟ್ಟುತ್ತದೆ. ತಿರುಳು ಬಂದರೆ ಡಬ್ಬ ತುಂಬುವ ಕೆಲಸ ಮಾತ್ರ. ಕಾವಲು ಬೇಕಾದ್ದು ಆ ಬಾಗಿಲಿಗೆ.

ಹೊರದೇಶದ ಬೀಜ ಕೊಳ್ಳುವವರು ಅದನ್ನು ತೂಕ ನೋಡಿ ಮಾತ್ರ ಕೊಳ್ಳುವುದಿಲ್ಲ. 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ಒಳ್ಳೆಯ ತಿರುಳು ಸಿಗುತ್ತದೆ ಅಂತ ಮಾದರಿ ಕೊಯ್ದು ನೋಡುತ್ತಾರೆ. ಔಟ್‌ಟರ್ನ್ ಅಂದರೆ ಅದೇ. ನಮ್ಮ ಅಂಗಡಿಗಳಲ್ಲಿ ಚೆನ್ನಾಗಿ ಒಣಗಿಸಿದ ಬೀಜಕ್ಕೂ ನಿನ್ನೆ ಹೆಕ್ಕಿದ ಒದ್ದೆ ಬೀಜಕ್ಕೂ ಹೆಚ್ಚುಕಡಿಮೆ ಒಂದೇ ರೇಟು. ಮತ್ತೆ ಒಣಗಿಸುವ ಕಷ್ಟ ಯಾರಿಗೆ ಬೇಕು? ಹತ್ತು ಮನೆಯವರು ಸೇರಿ ಒಣಗಿಸಿ, ಔಟ್‌ಟರ್ನ್ ನೋಡಿಸಿ ಮಾರಿದರೆ ಚೌಕಾಸಿಗೆ ಒಂದು ಆಧಾರವಾದರೂ ಸಿಗುತ್ತದೆ.

ಈಗ ಅವರ ಕಡೆಯ ಕತೆ. ಬ್ರೆಜಿಲ್‌ನ ಈ ಮರವನ್ನು ನಮ್ಮ ಕರಾವಳಿಗೂ ಪೂರ್ವ ಆಫ್ರಿಕಾದ ಕರಾವಳಿಗೂ ತಂದವರು ಪೋರ್ಚುಗೀಸರು. ತಾಂಜಾನಿಯಾ 1973-74ರಲ್ಲಿ ಸುಮಾರು 1.45 ಲಕ್ಷ ಟನ್ ಬೆಳೆದಿತ್ತು. ಆಮೇಲೆ ಉಜಾಮಾ ಅನ್ನುವ ಸಾಮೂಹಿಕ ಹಳ್ಳಿಗಳ ಯೋಜನೆಯಲ್ಲಿ ಸರ್ಕಾರ ಜನರನ್ನು ಹೊಸ ಹಳ್ಳಿಗಳಿಗೆ ಸಾಗಿಸಿತು. ಮರಗಳು ಹಿಂದೆಯೇ ಉಳಿದವು. ಬೂದಿರೋಗವೂ ಬಂತು. 1980ರ ದಶಕದ ನಡುವಿಗೆ ಬೆಳೆ 20 ಸಾವಿರ ಟನ್‌ಗಿಂತ ಕೆಳಗೆ ಇಳಿಯಿತು. ವಿಶ್ವಬ್ಯಾಂಕಿನ ಸಾಲ ತಂದು ಕಟ್ಟಿದ ದೊಡ್ಡ ಯಂತ್ರದ ಕಾರ್ಖಾನೆಗಳು ಪಾಳುಬಿದ್ದವು. ಬೆಳೆ ಚೇತರಿಸಿಕೊಂಡ ಮೇಲೂ ಬಹುಪಾಲು ಬೀಜ ಹಸಿಯಾಗಿಯೇ ಭಾರತಕ್ಕೆ, ವಿಯೆಟ್ನಾಂಗೆ ಹೋಗುತ್ತಿದೆ. 2018ರಲ್ಲಿ ವ್ಯಾಪಾರಿಗಳು ಕಡಿಮೆ ರೇಟು ಕೂಗಿದಾಗ ಅಧ್ಯಕ್ಷ ಮಗುಫುಲಿ ಬೀಜ ಕೊಳ್ಳಲು ಸೈನ್ಯವನ್ನೇ ಇಳಿಸಿದರು. ಕಿಲೋಗೆ 3,300 ಶಿಲಿಂಗ್ ಕೊಡುತ್ತೇವೆ ಅಂದರು. ನೋಡಿ, ಅಲ್ಲಿನ ಕೃಷಿಕನೂ ನಿಮ್ಮ ಹಾಗೇ ರೇಟಿಲ್ಲ ಅಂತಲೇ ಕೂಗಿದ್ದು, ಅದೂ ನಮ್ಮವರಂಥ ಕೊಳ್ಳುವವರ ಮೇಲೆ.

ಬೆಳೆದವರೇ ಒಡೆದು ಮಾರಬೇಕು ಅನ್ನುವುದು ಅವರ ಸರ್ಕಾರದ ಆಸೆ. ನನಗದು ನ್ಯಾಯ ಅನ್ನಿಸುತ್ತದೆ. ಇವತ್ತಲ್ಲ ನಾಳೆ ಅದು ಆಗಿಯೇ ಆಗುತ್ತದೆ. ಆಗ ನಮ್ಮ ಕಾರ್ಖಾನೆಗಳು ಹಸಿ ಬೀಜಕ್ಕೆ ಇದೇ ಗುಡ್ಡಗಳ ಕಡೆ ನೋಡಬೇಕು. ಹಳೆ ಮರ ಕಡಿದು ರಬ್ಬರ್ ಹಾಕುವವರು ಇದನ್ನೊಮ್ಮೆ ಯೋಚಿಸುವುದು ಒಳ್ಳೆಯದು.

ಐಐಟಿ ವಿಷಯಕ್ಕೆ ಜಾಸ್ತಿ ಹೊತ್ತು ಬೇಡ. ಅದು ಮದ್ರಾಸ್ ಐಐಟಿಯ ಶಾಖೆ. 2023ರಲ್ಲಿ ಶುರುವಾಯಿತು. ಭಾರತದ ಹೊರಗೆ ತೆರೆದ ಮೊದಲ ಐಐಟಿ. ಡೇಟಾ ಸೈನ್ಸ್, ಕೃತಕ ಬುದ್ಧಿಮತ್ತೆ ಕಲಿಸುತ್ತಾರೆ. ನಮ್ಮ ಮಕ್ಕಳೂ ಅರ್ಜಿ ಹಾಕಬಹುದು. ಗೇರಿಗೂ ಅದಕ್ಕೂ ನೇರ ಸಂಬಂಧವಿಲ್ಲ, ಒಪ್ಪುತ್ತೇನೆ.

ಆದರೆ ಓದಿನ ಸಂಬಂಧ ಅಂದರೆ ಐಐಟಿ ಒಂದೇ ಅಲ್ಲ. ನಿಮ್ಮ ಊರಿನವರಿಗೆ ಎಂಡೋಸಲ್ಫಾನ್ ಬಗ್ಗೆ ನಾನು ಹೇಳಬೇಕಾಗಿಲ್ಲ. ಸುಮಾರು ಎರಡು ದಶಕ ಹೆಲಿಕಾಪ್ಟರ್‌ನಿಂದ ಗೇರು ತೋಟಗಳ ಮೇಲೆ ವಿಷ ಸುರಿದದ್ದು ಒಂದು ಸಣ್ಣ ಕೀಟ ಕೊಲ್ಲಲು. ಚಿಗುರು, ಹೂಗೊಂಚಲಿನ ರಸ ಹೀರಿ ಕರಟಿಸುವ ಟೀ ಸೊಳ್ಳೆ ಅದು. ಅದರ ಹತ್ತಿರದ ನೆಂಟರು ತಾಂಜಾನಿಯಾದಲ್ಲೂ ಇದ್ದಾರೆ. ಮ್ಟ್ವಾರಾದ ಪಕ್ಕದ ನಲಿಯೆಂಡೆಲೆ ಸಂಶೋಧನಾ ಕೇಂದ್ರದವರು ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯನ್ನು ಈ ಕೀಟದ ಮೇಲೆ ಬಿಟ್ಟು ನೋಡಿದ್ದಾರೆ. ನಮ್ಮ ತೋಟಗಳಲ್ಲಿ ದೋಟಿ ಹಿಡಿದು ನಿಂತವರ ಕುತ್ತಿಗೆಗೆ ಬಿದ್ದು ಕಚ್ಚುವ ಚಗಳಿಯೂ ಅದೇ ಕುಲದ್ದು. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲೂ ಇದರ ಅಧ್ಯಯನ ನಡೆದಿದೆ. ಒಂದು ಮರದಿಂದ ಇನ್ನೊಂದಕ್ಕೆ ಹಗ್ಗ ಕಟ್ಟಿ ಇರುವೆಗೆ ದಾರಿ ಮಾಡಿಕೊಡುವುದು, ಬೇರೆ ಬೇರೆ ಸಂಸಾರದ ಇರುವೆಗಳು ಜಗಳವಾಡದಂತೆ ನೋಡಿಕೊಳ್ಳುವುದು, ಇವೆಲ್ಲ ತೋಟದಲ್ಲಿ ನಿಂತು ಕಲಿಯಬೇಕಾದ ಕೆಲಸ. ವಿಷದ ಬಾಟಲಿಗೆ ಕೊಡುವ ದುಡ್ಡೂ ಉಳಿಯುತ್ತದೆ.

1964ರಿಂದ ಭಾರತದ ಐಟೆಕ್ ತರಬೇತಿ ಯೋಜನೆಯಲ್ಲಿ ಆಫ್ರಿಕಾದವರು ಇಲ್ಲಿಗೆ ಬಂದು ಕಲಿಯುತ್ತಿದ್ದಾರೆ. ನಮ್ಮ ಕೃಷಿ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಒಂದು ಸುಗ್ಗಿಯಿಡೀ ತೋಟದಲ್ಲಿದ್ದು ಬರುವಂತೆಯೂ ಆಗಬೇಕು. ಅವರ ಸುಗ್ಗಿ ಮುಗಿಸಿ ಬಂದರೂ ನಮ್ಮದಕ್ಕೆ ಹೊತ್ತಿಗೆ ಸರಿಯಾಗಿ ಸಿಗುತ್ತಾರೆ. ನೀವು ಸಂಸದರಿಗೆ ಪತ್ರ ಬರೆಯುವುದಾದರೆ ಹಡಗು ನಿಲ್ಲಿಸಿ ಅನ್ನಬೇಡಿ. ತಿರುಳಿನ ಆಮದಿನ ಮೇಲೆ ಕಣ್ಣಿಡಿ, ಪುತ್ತೂರಿನವರಿಗೂ ನಲಿಯೆಂಡೆಲೆಯವರಿಗೂ ಗಂಟು ಹಾಕಿಸಿ ಅಂತ ಬರೆಯಿರಿ. ಒಂದು ಪ್ರತಿ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.