ರಕ್ತ ಕಂಡರೆ ಬೀಳುವವರಿಗೆ ‘ಮೈ ಸಡಿಲಿಸು’ ಎನ್ನಬೇಡಿ

ನರ್ಸಿಂಗ್ ಮೊದಲ ವರ್ಷದ ಹುಡುಗಿ. ವಾರ್ಡಿನಲ್ಲಿ ಗಾಯದ ಡ್ರೆಸ್ಸಿಂಗ್ ಬಿಚ್ಚುವುದನ್ನು ನೋಡುತ್ತ ನಿಂತಲ್ಲೇ ಎರಡು ಸಲ ಕುಸಿದಿದ್ದಳು. ‘ಇವಳಿಗೆ ಎದೆಗಾರಿಕೆ ಸಾಲದು, ಕೋರ್ಸ್ ಬಿಡಿಸ್ತೀವಿ’ ಎಂದು ತೀರ್ಮಾನಿಸಿಯೇ ತಾಯಿ ಅವಳನ್ನು ನನ್ನ ಬಳಿ ಕರೆತಂದಿದ್ದರು. ವೈದ್ಯರು ನೋಡಿದ್ದರು, ಇಸಿಜಿ ಸರಿಯಿತ್ತು. ಗಾಬರಿಯಾದಾಗ ಮೈ ಸಡಿಲಬಿಟ್ಟು ದೀರ್ಘ ಉಸಿರೆಳೆದುಕೋ ಎಂಬ ಸಲಹೆ ಮೊದಲೇ ಸಿಕ್ಕಿತ್ತು. ಎರಡನೇ ಸಲ ಬಿದ್ದದ್ದು ಅದನ್ನು ಮಾಡುತ್ತಿರುವಾಗಲೇ.

ಬೀಳುವ ಮುಂಚಿನ ಒಂದು ನಿಮಿಷವನ್ನು ಬಿಡಿಸಿ ಹೇಳಮ್ಮ ಎಂದೆ. ‘ಮೊದ್ಲು ಎದೆ ಡವಡವ ಅನ್ನುತ್ತೆ ಮೇಡಂ. ಆಗ ಬೀಳಲ್ಲ. ಆಮೇಲೆ ಅದು ತಣ್ಣಗಾಗುತ್ತೆ. ಸದ್ಯ, ಸರಿಹೋಯ್ತು ಅಂದ್ಕೊಳ್ತೀನಿ, ಆಗ್ಲೇ ಕಣ್ಣು ಕತ್ತಲೆ ಬರೋದು.’

ಆ ‘ತಣ್ಣಗಾಗುತ್ತೆ’ಯಲ್ಲೇ ಎಲ್ಲವೂ ಇತ್ತು. ಬರೀ ಗಾಬರಿಯಾದವರಲ್ಲಿ ಎದೆಬಡಿತವೂ ಬಿಪಿಯೂ ಏರಿಯೇ ಇರುತ್ತವೆ. ಬಿದ್ದೇಬಿಡುತ್ತೇನೆ ಅನಿಸುತ್ತದೆ, ಬೀಳುವುದು ಅಪರೂಪ. ರಕ್ತ, ಸೂಜಿ ಕಂಡರೆ ಹೆದರುವ ಹಲವರಲ್ಲಿ ಎರಡೂ ಮೊದಲು ಏರಿ, ಮರುಕ್ಷಣ ದಿಢೀರನೆ ಇಳಿಯುತ್ತವೆ. ವೇಗಸ್ ನರ ಹೃದಯದ ವೇಗ ತಗ್ಗಿಸುತ್ತದೆ. ರಕ್ತನಾಳಗಳನ್ನು ಬಿಗಿಯಾಗಿಟ್ಟಿದ್ದ ಸಿಂಪಥೆಟಿಕ್ ನರಗಳು ಹಿಡಿತ ಬಿಡುತ್ತವೆ. ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುವುದು ಸಹಜ. ಕತ್ತಿನ ಧಮನಿಯಲ್ಲೂ ಮಹಾಧಮನಿಯ ಕಮಾನಿನಲ್ಲೂ ಇರುವ ಒತ್ತಡದ ಸಂವೇದಕಗಳು ಅದನ್ನು ಗುರುತಿಸಿ ಸರಿದೂಗಿಸುತ್ತವೆ. ಈ ಗಳಿಗೆಯಲ್ಲಿ ಆ ಏರ್ಪಾಡು ಸೋಲುತ್ತದೆ, ಮಿದುಳಿಗೆ ರಕ್ತ ಸಾಲುವುದಿಲ್ಲ. ಇದರಲ್ಲಿ ಎದೆಗಾರಿಕೆಯ ಮಾತೆಲ್ಲಿ ಬಂತು? ಮೈ ಸಡಿಲಿಸು ಎಂದರೆ, ಇಳಿಯುತ್ತಿರುವ ಬಿಪಿಗೆ ಇನ್ನಷ್ಟು ಇಳಿ ಎಂದಂತೆ.

ಹೆದರಿದವಳಿಗೆ ಮೈ ಬಿಗಿ ಎಂದು ಹೇಳಿಕೊಡುವುದೇ ಎಂದು ಆಕ್ಷೇಪಿಸುವವರಿದ್ದಾರೆ. ಹೌದು, ಅದನ್ನೇ ಹೇಳಿಕೊಟ್ಟೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ವಿಧಾನವಿದು. ತೋಳು, ಹೊಟ್ಟೆ, ತೊಡೆ, ಮೀನಖಂಡಗಳನ್ನು ಒಟ್ಟಿಗೆ ಬಿಗಿಹಿಡಿಯಬೇಕು. 10-15 ಸೆಕೆಂಡಿನಲ್ಲಿ ಮುಖ ಬೆಚ್ಚಗಾಗುತ್ತದೆ. ಆಗ ಬಿಡಬೇಕು, ಆದರೆ ಮೊದಲಿದ್ದಷ್ಟಕ್ಕೆ ಮಾತ್ರ, ಪೂರ್ತಿ ಜೋತುಬಿಡಬಾರದು. 20-30 ಸೆಕೆಂಡು ಬಿಟ್ಟು ಮತ್ತೆ ಬಿಗಿ. ಹೀಗೆ ಐದು ಸುತ್ತು, ದಿನಕ್ಕೆ ಐದು ಹೊತ್ತು. ಬಿಗಿದ ಸ್ನಾಯುಗಳು ಕಾಲಿನ ರಕ್ತವನ್ನು ಹಿಂಡಿ ಹೃದಯಕ್ಕೆ ಕಳಿಸುತ್ತವೆ. ಆಕೆ ಮೊದಮೊದಲು ಉಸಿರು ಕಟ್ಟಿ ಮುಕ್ಕುತ್ತಿದ್ದಳು. ಅದು ತಪ್ಪು: ಎದೆಯೊಳಗಿನ ಒತ್ತಡ ಹೆಚ್ಚಿ, ಹೃದಯಕ್ಕೆ ಮರಳುವ ರಕ್ತವೇ ಕಡಿಮೆಯಾಗುತ್ತದೆ. ಇನ್ನೊಂದು ಎಚ್ಚರಿಕೆ ಕೊಟ್ಟಿದ್ದೆ: ಎದೆ ತಣ್ಣಗಾಗುವ ತನಕ ಕಾಯಬೇಡ, ಡವಡವ ಇರುವಾಗಲೇ ಶುರುಮಾಡು. ಸ್ವಂತ ರಕ್ತ ಕೊಡುವಾಗ ಸೂಜಿ ಚುಚ್ಚುವ ತೋಳನ್ನು ಮಾತ್ರ ಸಡಿಲವಾಗಿಡಬೇಕು.

ಗಾಯದ ಚಿತ್ರಗಳನ್ನು ನೋಡುತ್ತ ಮೈ ಬಿಗಿಯುವುದರಿಂದ ಶುರುಮಾಡಿ, ಆರನೇ ವಾರಕ್ಕೆ ವಾರ್ಡಿಗೆ ಮರಳಿದಳು.

ಎಲ್ಲ ಮೂರ್ಛೆಗೂ ಇದು ಮದ್ದಲ್ಲ. ಓಡುವಾಗ, ಮಲಗಿದ್ದಾಗ, ಸುಳಿವೇ ಇಲ್ಲದೆ ಎಚ್ಚರ ತಪ್ಪಿದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವುಗಳಿದ್ದರೆ, ಮೊದಲು ಹೃದ್ರೋಗ ತಜ್ಞರ ಬಳಿ ಹೋಗಬೇಕು.

ಮನೆಯಲ್ಲೂ ಮಗಳು ಹೀಗೆ ಬಿದ್ದಾಗಲೆಲ್ಲ ಎತ್ತಿ ಕೂರಿಸಿ ನೀರು ಕುಡಿಸುತ್ತಿದ್ದೆ ಎಂದರು ತಾಯಿ. ಎತ್ತಬೇಡಿ, ಅಂಗಾತ ಮಲಗಿಸಿ ಕಾಲುಗಳನ್ನು ದಿಂಬಿನ ಮೇಲಿಡಿ, ಪೂರ್ತಿ ಎಚ್ಚರವಾಗುವ ತನಕ ನೀರು ಬೇಡ ಎಂದು ಅವರಿಗೂ ಹೇಳಿ ಕಳಿಸಿದೆ.